ಎಂಜಿನ್ ಬದಲಾದ ಮೇಲೂ ಅದೇ ಕಾರೇ?

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂದಿತು. ಮೊದಲ ಸಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗ ಬಂತು. ಹೊಸದಾಗಿ ನೋಂದಾಯಿಸುವವರಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ಹಳೆಯ ನಂಬರು ಇರುವವರು ಅದನ್ನೇ ಉಳಿಸಿಕೊಳ್ಳಬಹುದು. ಲೆಕ್ಕ ಹಾಕಿದರೆ 1966ರಿಂದ 1970ರವರೆಗೆ ರಸ್ತೆಗಿಳಿದ ಕಾರುಗಳೆಲ್ಲ ಈ ಗೆರೆ ದಾಟಿವೆ. ಆದರೆ ವಯಸ್ಸೊಂದೇ ಸಾಲದು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಬಾರದು. ದಿನಬಳಕೆಗಾಗಲಿ ಬಾಡಿಗೆಗಾಗಲಿ ಅದನ್ನು ಓಡಿಸುವಂತಿಲ್ಲ.

ಅರಮನೆಯ ಗ್ಯಾರೇಜಿನಲ್ಲೋ ಬೆಂಗಳೂರಿನ ಶ್ರೀಮಂತರ ಷೆಡ್ಡಿನಲ್ಲೋ ಮುಸುಕು ಹೊದ್ದು ನಿಂತ ಕಾರುಗಳಿಗೆ ಈ ಷರತ್ತು ಭಾರವೇನಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂಥ ಕಡೆ ಮಾತು ಬೇರೆ. ಇಲ್ಲಿ ಅರವತ್ತರ ದಶಕದ ಗಾಡಿಯೊಂದು ಉಳಿದಿದೆ ಎಂದರೆ ಅದು ದುಡಿಯುತ್ತಿದ್ದುದರಿಂದ ಉಳಿದಿದೆ. ದುಡಿಸಬೇಕಾಗಿದ್ದರಿಂದಲೇ ಅದನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದ್ದಾರೆ. ಇಂಥ ಸೀಮೆಯ ಹಳೆ ಕಾರಿನ ಬೆಲೆಯನ್ನು ಯಾವುದರಿಂದ ಅಳೆಯಬೇಕು? ಕಾರ್ಖಾನೆಯಿಂದ ಹೊರಬಂದ ದಿನ ಅದು ಹೇಗಿತ್ತು ಎಂಬುದರಿಂದಲೇ, ಅಥವಾ ಆಮೇಲಿನ ಐವತ್ತು ವರ್ಷ ಅದಕ್ಕೆ ಏನೇನಾಯಿತು ಎಂಬುದರಿಂದಲೇ?

ಮೊದಲು ಆ ಕಾಲವನ್ನೊಮ್ಮೆ ನೋಡಿ ಬರೋಣ. ಜಗತ್ತಿನ ಹಳೆ ಕಾರುಪ್ರಿಯರಿಗೆ ಅರವತ್ತರ ದಶಕದ ಉತ್ತರಾರ್ಧ ಎಂದರೆ ಹಬ್ಬ. 1964ರ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್, ಅದಕ್ಕೆ ಎದುರಾಳಿಯಾಗಿ ಷೆವರ್ಲೆ ಇಳಿಸಿದ ಕಮಾರೋ, ಜಾಗ್ವಾರ್ ಇ-ಟೈಪ್, ಪೋರ್ಷ 911, ಜಪಾನಿನ ಟೊಯೋಟಾ 2000ಜಿಟಿ. 1966ರಲ್ಲೇ ಟೊಯೋಟಾ ಕರೋಲಾ ಹುಟ್ಟಿತು, ಇಟಲಿಯಲ್ಲಿ ಫಿಯಟ್ 124 ಬಂತು. 1965ರಲ್ಲಿ ರಾಲ್ಫ್ ನೇಡರ್ ಕಾರು ಕಂಪನಿಗಳ ಅಜಾಗರೂಕತೆಯ ಮೇಲೆ ಬರೆದ ಪುಸ್ತಕ ಅಮೆರಿಕವನ್ನು ಅಲುಗಾಡಿಸಿತು. 1968ರಿಂದ ಅಲ್ಲಿನ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಯಿತು. ಅಲ್ಲಿ ಪ್ರತಿ ಸೆಪ್ಟೆಂಬರಿಗೂ ಹೊಸ ಮುಖ, ಹೊಸ ಬಾಲದ ದೀಪ. ಹಾಗಾಗಿ ಅಲ್ಲಿ ‘67ರ ಮಸ್ಟಾಂಗ್’ ಎಂದರೆ ಸಾಕು, ತಿಳಿದವರ ಕಣ್ಣ ಮುಂದೆ ಒಂದು ನಿರ್ದಿಷ್ಟ ಗಾಡಿ ಬಂದು ನಿಲ್ಲುತ್ತದೆ.

ನಮ್ಮಲ್ಲಿ ಹಾಗಿರಲಿಲ್ಲ. ಇಡೀ ದೇಶಕ್ಕೆ ಮೂರು ಕಾರು, ಒಂದು ಜೀಪು. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಅಂಬಾಸಿಡರ್ ಮಾಡುತ್ತಿತ್ತು, ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಫಿಯಟ್ ಮಾಡುತ್ತಿತ್ತು, ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ಸ್ ಹೆರಾಲ್ಡ್ ಮಾಡುತ್ತಿತ್ತು, ಜೀಪು ಮಹೀಂದ್ರಾದವರದು. ಎಲ್ಲ ಸೇರಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಮೂವತ್ತೈದು-ನಲವತ್ತು ಸಾವಿರದ ಆಸುಪಾಸು. ಎಷ್ಟು ಮಾಡಬೇಕು, ಎಷ್ಟಕ್ಕೆ ಮಾರಬೇಕು ಎಂಬುದರಲ್ಲಿ ದೆಹಲಿಯ ಮಾತೇ ಅಂತಿಮ. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾಗಿ ಡಾಲರಿಗೆ 4.76 ಇದ್ದದ್ದು 7.50ಕ್ಕೆ ಜಾರಿದ ಮೇಲೆ ಹೊರಗಿನ ಬಿಡಿಭಾಗ ತರಿಸುವುದು ಇನ್ನೂ ಕಷ್ಟವಾಯಿತು. ಕಾರ್ಖಾನೆಗಳೂ ಮಾದರಿ ಬದಲಿಸುವ ಗೋಜಿಗೆ ಹೋಗಲಿಲ್ಲ. 1966ರ ಅಂಬಾಸಿಡರಿಗೂ 1970ರ ಅಂಬಾಸಿಡರಿಗೂ ವ್ಯತ್ಯಾಸ ಹುಡುಕಲು ಹಳೇ ಮೆಕ್ಯಾನಿಕ್ಕೇ ಬೇಕು. ಇಲ್ಲಿನ ಕಾರಿಗೆ ‘ಇಂಥ ವರ್ಷದ್ದು’ ಎಂಬ ಗುರುತು ಕೊಡುತ್ತಿದ್ದುದು ಆರ್.ಸಿ. ಪುಸ್ತಕವೇ ಹೊರತು ರೂಪವಲ್ಲ.

ಈಗ ಸೀಮೆಯ ಮಾತು. ಚಿತ್ರದುರ್ಗದಿಂದ ಚಳ್ಳಕೆರೆಗೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ರಸ್ತೆ ಚಳ್ಳಕೆರೆ, ತಳಕು, ಹಾನಗಲ್, ರಾಂಪುರ ಹಾದು ಹೋಗುತ್ತದೆ. ಮೊಳಕಾಲ್ಮೂರು ಪಟ್ಟಣ ಆ ರಸ್ತೆಯಿಂದ ಪಕ್ಕಕ್ಕೆ, ಆಂಧ್ರದ ರಾಯದುರ್ಗಕ್ಕೆ ಆತುಕೊಂಡಂತೆ ಬೆಟ್ಟಗಳ ನಡುವೆ ಇದೆ. ಅರವತ್ತರ ದಶಕದಲ್ಲಿ ಈ ಎರಡು ತಾಲ್ಲೂಕು ಕೇಂದ್ರಗಳಿಗೂ ರೈಲು ಇರಲಿಲ್ಲ. ಚಿತ್ರದುರ್ಗ–ರಾಯದುರ್ಗ ಹಳಿ ಬಂದು ಇಲ್ಲಿ ರೈಲಿನ ಕೂಗು ಕೇಳಿದ್ದು ತೊಂಬತ್ತರ ದಶಕದಲ್ಲಿ. ಅಲ್ಲಿಯತನಕ ಕಡಲೆಕಾಯಿ, ಎಣ್ಣೆ ಡಬ್ಬ, ಕಂಬಳಿ, ರೇಷ್ಮೆ ಸೀರೆ, ಬಾಣಂತಿ, ಮತಪೆಟ್ಟಿಗೆ ಎಲ್ಲವೂ ಹೋಗಬೇಕಾದ್ದು ಟೈರಿನ ಮೇಲೆ, ಇಲ್ಲವೇ ಎತ್ತಿನ ಗಾಡಿಯಲ್ಲಿ. ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ತಂದುಕೊಟ್ಟ ಗಿರಣಿಗಳೆಲ್ಲ ಲಾರಿಯನ್ನು ನಂಬಿ ನಿಂತವು. ಕಾರಿನ ಕತೆ ಹೇಳುವಾಗ ಲಾರಿಯನ್ನು ಬಿಟ್ಟರೆ ಈ ಊರಿಗೆ ಅನ್ಯಾಯವಾಗುತ್ತದೆ. ಜೆಮ್‌ಶೆಡ್‌ಪುರದ ಟೆಲ್ಕೊ 1954ರಿಂದ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಮಾಡುತ್ತಿದ್ದ ‘ಟಾಟಾ ಮರ್ಸಿಡಿಸ್’ ಲಾರಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಕೆಲವು ಊರುಗಳಲ್ಲಿ ಹಳೆ ಡ್ರೈವರುಗಳು ಈಗಲೂ ‘ಬೆಂಜ್ ಲಾರಿ’ ಎನ್ನುವುದು ಆ ಕಾಲದ ಉಳಿಕೆ.

ಖಾಸಗಿ ಕಾರು ಆಗ ಬೆರಳೆಣಿಕೆಯ ಮನೆಗಳ ವಸ್ತು. ಹೊಸ ಕಾರಿನ ಬೆಲೆ ಹದಿನೈದು ಸಾವಿರ ರೂಪಾಯಿಯ ಸುತ್ತಮುತ್ತ; ದುಡ್ಡು ಕೈಯಲ್ಲಿದ್ದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಪೆಟ್ರೋಲು ಲೀಟರಿಗೆ ಒಂದು ರೂಪಾಯಿಯ ಆಚೀಚೆ ಇತ್ತಾದರೂ ಆ ರೂಪಾಯಿಯ ತೂಕ ಬೇರೆ. ಗಿರಣಿ ಸಾಹುಕಾರರು, ಮಂಡಿ ವರ್ತಕರು, ಒಬ್ಬಿಬ್ಬರು ಡಾಕ್ಟರು, ಗುತ್ತಿಗೆದಾರರು, ಬಾಡಿಗೆ ಟ್ಯಾಕ್ಸಿಯವರು: ಇಂಥ ಪುಟ್ಟ ಪಟ್ಟಣಗಳಲ್ಲಿ ಕಾರು ಕೊಳ್ಳುವವರ ಬಳಗ ಇಷ್ಟೇ. ಮಿಕ್ಕವರಿಗೆ ಕಾರಿನ ಒಳಗು ಕಾಣುತ್ತಿದ್ದುದು ಮದುವೆ ದಿಬ್ಬಣದಲ್ಲಿ, ಇಲ್ಲವೇ ಆಸ್ಪತ್ರೆಗೆ ಓಡುವಾಗ.

ಅವರೆಲ್ಲರಿಗೂ ಒಗ್ಗಿದ್ದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿ ಐವತ್ತರ ದಶಕದ ಕೊನೆಗೆ ಬಂದ ಈ ಕಾರು 1963ರಲ್ಲಿ ಮಾರ್ಕ್-2 ಆಯಿತು. ಬದಲಾದದ್ದು ಮುಖ್ಯವಾಗಿ ಮುಂದಿನ ಜಾಲರಿ, ಒಳಗಿನ ಡ್ಯಾಷ್‌ಬೋರ್ಡು. 1489 ಸಿಸಿ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನಂಥ ಸೀಟು, ಹಿಂದೆ ಪಟ್ಟಿ ಸ್ಪ್ರಿಂಗು. ಶಕ್ತಿ ಐವತ್ತು ಅಶ್ವಶಕ್ತಿಯ ಮಟ್ಟದ್ದು, ತೂಕ ಒಂದು ಟನ್ನಿನ ಮೇಲೆ. ವೇಗ ಕೇಳಬೇಡಿ. ಆದರೆ ಅದರ ಗುಣ ಇದ್ದದ್ದು ಬೇರೆ ಕಡೆ. ಕಪ್ಪು ಮಣ್ಣಿನ ಗಾಡಿಜಾಡಿನಲ್ಲಿ ಹೊಟ್ಟೆ ತಾಗದಷ್ಟು ಎತ್ತರ, ಎಂಟು ಜನ ತುಂಬಿದರೂ ಕುಸಿಯದ ಹಿಂಬದಿ, ಎರಡು ಮೂಟೆ ಹಿಡಿಸುವ ಡಿಕ್ಕಿ. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈ ಆಡಿಸಲು ಧಾರಾಳ ಜಾಗ. ಕಾರ್ಬುರೇಟರ್, ಡೈನಮೊ, ಡಿಸ್ಟ್ರಿಬ್ಯೂಟರ್ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಬ್ಯಾಟರಿ ಬಿದ್ದರೆ ಹ್ಯಾಂಡಲ್ ಹೊಡೆದು ಚಾಲೂ ಮಾಡಬಹುದು. ಅರವತ್ತರ ದಶಕದ ಜಗತ್ತಿನ ಕಾರುಗಳಲ್ಲಿ ಇದು ಅತಿ ಹಿಂದುಳಿದದ್ದು ಎಂದು ಬೈಯುವವರು ಇದ್ದರು. ಸಂಸತ್ತಿನಲ್ಲೂ ಕಾರುಗಳ ಗುಣಮಟ್ಟದ ಬಗ್ಗೆ ಗಲಾಟೆಯಾಗಿತ್ತು. ಬೈಗುಳ ಸರಿಯೇ. ಆದರೆ ಅಧಿಕೃತ ಡೀಲರು ದೂರದ ಊರಿನಲ್ಲಿ ಇರುವಾಗ, ಹಿಂದುಳಿದಿರುವುದೇ ಒಂದು ಅನುಕೂಲ. ಒಂದು ಸ್ಪ್ಯಾನರ್ ಸೆಟ್ಟು, ಒಂದು ಸುತ್ತಿಗೆ, ಸ್ವಲ್ಪ ತಂತಿ ಇದ್ದರೆ ಅಂಬಾಸಿಡರ್ ಊರು ಮುಟ್ಟಿಸುತ್ತಿತ್ತು.

ಫಿಯಟ್ಟಿನ ಸ್ವಭಾವ ಬೇರೆ. 1964ರಿಂದ ‘1100 ಡಿಲೈಟ್’ ಎಂಬ ಹೆಸರಿನಲ್ಲಿ ಬಂದ ಕಾರೇ ಮುಂದೆ 1972ರಲ್ಲಿ ‘ಪ್ರೆಸಿಡೆಂಟ್’, 1974ರಲ್ಲಿ ‘ಪದ್ಮಿನಿ’ ಆದದ್ದು. 1089 ಸಿಸಿ ಎಂಜಿನ್ ಚುರುಕು, ಪೆಟ್ರೋಲ್ ಕುಡಿಯುವುದು ಕಡಿಮೆ, ತಿರುಗಿಸಲು ಹಗುರ. ಪಟ್ಟಣದ ಡಾಕ್ಟರು, ವಕೀಲರ ಕಾರು ಅದು. ಅದಕ್ಕೂ ಮುಂಚಿನ ಫಿಯಟ್ಟುಗಳಲ್ಲಿ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಸಂಗ್ರಾಹಕರು ಈಗ ಅವನ್ನೇ ಹುಡುಕುತ್ತಾರೆ. ಹಳ್ಳಿದಾರಿಗೆ ಫಿಯಟ್ ತಗ್ಗಾಯಿತು, ಅಷ್ಟೇ ಅದರ ತಪ್ಪು. ಸ್ಟ್ಯಾಂಡರ್ಡ್ ಹೆರಾಲ್ಡ್ ಬಗ್ಗೆ ಹೆಚ್ಚು ಹೇಳುವಂತಿಲ್ಲ. ನೋಡಲು ಮೂವರಲ್ಲಿ ಅದೇ ಚೆಲುವೆ, ಬಾನೆಟ್ಟಿನ ಜೊತೆ ಮಡ್‌ಗಾರ್ಡುಗಳೂ ಸೇರಿ ಇಡೀ ಮುಂಭಾಗ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು, 948 ಸಿಸಿ ಎಂಜಿನ್. ದಶಕದ ಕೊನೆಯಲ್ಲಿ ಭಾರತಕ್ಕೆಂದೇ ನಾಲ್ಕು ಬಾಗಿಲಿನದೂ ಬಂತು. ಮದ್ರಾಸು, ಬೆಂಗಳೂರುಗಳಲ್ಲಿ ಅದಕ್ಕೆ ಅಭಿಮಾನಿಗಳಿದ್ದರು. ಬಯಲುಸೀಮೆಯ ಕಲ್ಲುದಾರಿ ಅದಕ್ಕೆ ಒಗ್ಗುವಂಥದ್ದಲ್ಲ.

ನನ್ನ ಮಟ್ಟಿಗೆ ಈ ಎರಡು ತಾಲ್ಲೂಕುಗಳ ನಿಜವಾದ ಅರವತ್ತರ ದಶಕದ ಗಾಡಿ ಜೀಪು. ಕಾರುಗಳ ಪಟ್ಟಿಯಲ್ಲಿ ಜೀಪಿಗೆ ಜಾಗ ಕೊಡದವರು ಇದ್ದಾರೆ. ಅವರು ಪರಶುರಾಂಪುರದ ಕಡೆ ವೇದಾವತಿಯ ಮರಳಿನಲ್ಲಿ ಗಾಡಿ ದಾಟಿಸಿದವರಲ್ಲ. ಸ್ವಾತಂತ್ರ್ಯದ ಹೊತ್ತಿಗೆ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ ಮಹೀಂದ್ರಾ, ಅರವತ್ತರ ದಶಕದಲ್ಲಿ ತಯಾರಿಸುತ್ತಿದ್ದದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಷ್ಟು ಎತ್ತರ ಬೇಕಾದದ್ದು ಕೆಳಗೆ ಕೂತ 2.2 ಲೀಟರಿನ ‘ಹರಿಕೇನ್’ ಪೆಟ್ರೋಲ್ ಎಂಜಿನ್ನಿಗಾಗಿ. ನಾಲ್ಕೂ ಚಕ್ರಕ್ಕೆ ಶಕ್ತಿ, ಮಡಚಿ ಮಲಗಿಸಬಹುದಾದ ಮುಂದಿನ ಗಾಜು, ಮೇಲೆ ಕ್ಯಾನ್ವಾಸು. ಬಿ.ಡಿ.ಒ., ತಹಶೀಲ್ದಾರ್, ಪೊಲೀಸು, ಮಲೇರಿಯಾ ನಿರ್ಮೂಲನೆಯವರು, ಕುಟುಂಬ ಯೋಜನೆಯವರು: ಸರ್ಕಾರ ಹಳ್ಳಿಗೆ ಬರುತ್ತಿದ್ದದ್ದೇ ಜೀಪಿನಲ್ಲಿ. ಧೂಳೆದ್ದರೆ ಊರಿನವರಿಗೆ ಯಾರೋ ಸಾಹೇಬರು ಬಂದರೆಂದು ಗೊತ್ತಾಗುತ್ತಿತ್ತು, ಕೆಲವರು ಹೊಲದ ಕಡೆ ಜಾಗ ಖಾಲಿ ಮಾಡುತ್ತಿದ್ದರು.

ಚುನಾವಣೆಗೂ ಜೀಪೇ. ಈ ಸೀಮೆಯ ರಾಜಕೀಯಕ್ಕೆ ಆಗ ರಾಜ್ಯಮಟ್ಟದ ತೂಕವಿತ್ತು. ಚಿತ್ರದುರ್ಗದಲ್ಲಿ ನೆಲೆಸಿದ್ದ ಎಸ್. ನಿಜಲಿಂಗಪ್ಪ 1957ರಲ್ಲಿ ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದಿದ್ದರು. 1968ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಮರುವರ್ಷ ಆ ಪಕ್ಷವೇ ಇಬ್ಭಾಗವಾಯಿತು. 1967ರ ಚುನಾವಣೆಯ ಹೊತ್ತಿಗೆ ಲೌಡ್‌ಸ್ಪೀಕರ್ ಕಟ್ಟಿದ ಜೀಪು ಬಯಲುಸೀಮೆಯ ಹಳ್ಳಿಗಳಿಗೆ ಪರಿಚಿತ ದೃಶ್ಯ. ಸರ್ಕಾರ ಹರಾಜಿಗಿಟ್ಟ ಮೇಲೆ ಇದೇ ಜೀಪುಗಳು ಎರಡನೇ ಜನ್ಮ ಪಡೆದವು. ಹಿಂದೆ ಉದ್ದದ ಸೀಟು ಹಾಕಿಸಿ, ಬಸ್ಸಿಲ್ಲದ ಹಳ್ಳಿಗಳಿಂದ ಸಂತೆಗೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಟ್ರಿಪ್ ಹೊಡೆಯುವ ಗಾಡಿಗಳಾದವು. ಒಳಗೆ ಎಷ್ಟೋ, ಹೊರಗೆ ನೇತಾಡುವವರು ಅಷ್ಟೇ.

ಎಲ್ಲವನ್ನೂ ಬದಲಿಸಿದ್ದು 1973ರ ಅಕ್ಟೋಬರ್. ಅರಬ್ ದೇಶಗಳು ತೈಲ ಬಿಗಿಹಿಡಿದಾಗ ಪೆಟ್ರೋಲಿನ ಬೆಲೆ ಜಿಗಿದ ಜಿಗಿತಕ್ಕೆ, ಗ್ಯಾಲನ್ನಿಗಿಷ್ಟು ಎಂದು ಲೆಕ್ಕವಿಡದೆ ಕುಡಿಯುತ್ತಿದ್ದ ಹರಿಕೇನ್ ಎಂಜಿನ್ನುಗಳು ಮನೆಗೆ ಹೊರೆಯಾದವು. ಹೊಲದಲ್ಲಿ ಪಂಪ್‌ಸೆಟ್ ಓಡಿಸುತ್ತಿದ್ದ ಡೀಸೆಲ್ ಇನ್ನೂ ಅಗ್ಗವಾಗಿಯೇ ಇತ್ತು. ಅಂಬಾಸಿಡರಿಗೆ ಕಂಪನಿಯೇ ಡೀಸೆಲ್ ಎಂಜಿನ್ ಕೊಟ್ಟದ್ದು 1980ರ ಹೊತ್ತಿಗೆ, ಮಹೀಂದ್ರಾ ಪೂಜೋ ಪರವಾನಗಿಯ ಡೀಸೆಲ್ ಇಳಿಸಿದ್ದೂ ಹೆಚ್ಚುಕಡಿಮೆ ಆಗಲೇ. ರಸ್ತೆಬದಿಯ ಗ್ಯಾರೇಜುಗಳು ಅಷ್ಟು ಕಾಯಲಿಲ್ಲ. ಸಿಕ್ಕ ಡೀಸೆಲ್ ಎಂಜಿನ್ನನ್ನು ಜೀಪಿನ ಚಾಸಿಗೆ, ಅಂಬಾಸಿಡರಿನ ಹೊಟ್ಟೆಗೆ ಕೂರಿಸುವ ಕಲೆ ಕರ್ನಾಟಕದುದ್ದಕ್ಕೂ ಬೆಳೆಯಿತು. ಮುಂದೆ ಮ್ಯಾಟಡಾರ್ ಎಂಜಿನ್ ಈ ಕೆಲಸಕ್ಕೆ ಹೆಸರಾಯಿತು.

ಈ ಕಲೆ ಆಕಾಶದಿಂದ ಬಿದ್ದದ್ದಲ್ಲ, ಇದಕ್ಕೊಂದು ನೆಲ ಇತ್ತು. ಆಗಿನ ಚಿತ್ರದುರ್ಗ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. 1997ರಲ್ಲಿ ಬೇರೆ ಜಿಲ್ಲೆಯಾದ ದಾವಣಗೆರೆ, ಅದರ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎಲ್ಲ ಆಗ ಇದೇ ಜಿಲ್ಲೆಯೊಳಗಿದ್ದವು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮಾಡುತ್ತಿದ್ದದ್ದು ಲೇತ್ ಯಂತ್ರ. ಸವೆದ ಸಿಲಿಂಡರ್ ಬೋರ್ ಮಾಡುವುದು, ಬುಷ್ ಕಡೆಯುವುದು, ಕಿಂಗ್ ಪಿನ್ ತಿರುಗಿಸುವುದು, ಬೇರೆ ಎಂಜಿನ್ನಿಗೂ ಹಳೆ ಗೇರ್‌ಬಾಕ್ಸಿಗೂ ನಡುವೆ ಕೂರುವ ಕಬ್ಬಿಣದ ತಟ್ಟೆ ಮಾಡುವುದು ಎಲ್ಲಕ್ಕೂ ಲೇತ್ ಬೇಕು. ಎಣ್ಣೆ ಗಿರಣಿಯ ಊರಿನಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿರಲಿಲ್ಲ. ಗಾಣದ ಷಾಫ್ಟ್ ಸರಿಮಾಡಿದ ಕೈಗೆ ಕಾರಿನ ಆಕ್ಸಲ್ ದೊಡ್ಡ ಮಾತಲ್ಲ. ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳಿಗೆ ಬೆಂಗಳೂರಿನ ಆಡುಗೋಡಿಯ ಮೈಕೊ ಇತ್ತು, 1951ರಿಂದ. ಮೈಸೂರಿನಿಂದ 1961ರ ಮೇಲೆ ಜಾವಾ ಬೈಕುಗಳು ಬರುತ್ತಿದ್ದವು. ಅಂದರೆ ಕಾರು ತಯಾರಿಕೆಯಲ್ಲಿ ಹೆಸರಿಲ್ಲದ ರಾಜ್ಯವೊಂದರಲ್ಲಿ ರಿಪೇರಿಗೆ ಬೇಕಾದದ್ದೆಲ್ಲ ಬಸ್ಸಿನ ದೂರದಲ್ಲೇ ಸಿಗುತ್ತಿತ್ತು. ಅಂಬಾಸಿಡರಿಗೆ ಆಯುಷ್ಯ ಕೊಟ್ಟದ್ದು ಉತ್ತರಪಾರಾದ ಕಾರ್ಖಾನೆಗಿಂತ ಈ ಲೇತುಗಳು ಎಂದರೆ ಉತ್ಪ್ರೇಕ್ಷೆ ಅನಿಸಲಾರದು. ಅಜ್ಜನ ಕೊಡಲಿಗೆ ಎರಡು ಸಲ ಕಾವು, ಒಂದು ಸಲ ಬಾಯಿ ಬದಲಿಸಿಯೂ ಅಜ್ಜನ ಕೊಡಲಿಯೇ ಎನ್ನುವ ಮನೆಗಳಲ್ಲಿ ಕಾರಿನ ವಿಷಯಕ್ಕೂ ಅದೇ ನ್ಯಾಯ ನಡೆಯಿತು.

ಈ ಸೀಮೆಯ ಹವೆಯದೂ ಇದರಲ್ಲಿ ಪಾಲಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆಯೂ ಒಂದು. ರೈತನಿಗೆ ಶಾಪವಾದದ್ದು ಹಳೆ ತಗಡಿಗೆ ವರ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲೋ ಮಲೆನಾಡಿನ ನಾಲ್ಕು ತಿಂಗಳ ಜಡಿಮಳೆಯಲ್ಲೋ ಕಾರಿನ ತಳ ತೂತಾಗಲು ಬಹಳ ವರ್ಷ ಬೇಡ. ಇಲ್ಲಿ ಬೇಲಿ ಪಕ್ಕ ನಿಂತ ಗಾಡಿಯ ಬಣ್ಣ ಬಿಸಿಲಿಗೆ ಸುಣ್ಣದಂತಾಗಬಹುದು, ಕಿಟಕಿಯ ರಬ್ಬರು ಒಡೆಯಬಹುದು, ಸೀಟಿನ ರೆಕ್ಸಿನ್ ಹರಿಯಬಹುದು; ಚಾಸಿ ಮಾತ್ರ ಗಟ್ಟಿಯಾಗಿರುತ್ತದೆ. ಹಳೆ ಗಾಡಿ ಹುಡುಕುವವರಿಗೆ ಬಯಲುಸೀಮೆ, ಕಲ್ಯಾಣ ಕರ್ನಾಟಕದ ಕಡೆ ಆಸೆ ಇರುವುದು ಇದಕ್ಕೇ. ಆದರೂ ಉಳಿದದ್ದು ಸ್ವಲ್ಪವೇ. ತುಕ್ಕಿನಿಂದ ಪಾರಾದದ್ದನ್ನು ಗುಜರಿ ತಿಂದಿತು. ಕಬ್ಬಿಣದ ಬೆಲೆ ಏರಿದಾಗಲೆಲ್ಲ ಗಾಡಿಗಳು ತೂಕಕ್ಕೆ ಹೋದವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಾಹುಕಾರರ ಮನೆಯ ಅಂಬಾಸಿಡರ್ ಟ್ಯಾಕ್ಸಿಗೆ ಇಳಿಯಿತು, ಟ್ಯಾಕ್ಸಿಯಿಂದ ಹಳ್ಳಿಗೆ, ಹಳ್ಳಿಯಿಂದ ಗುಜರಿಗೆ. ಅಗ್ಗದ ಆಮದು ತಾಳೆ ಎಣ್ಣೆ ತೊಂಬತ್ತರ ದಶಕದಲ್ಲಿ ಕಡಲೆಕಾಯಿ ಗಿರಣಿಗಳಿಗೆ ಕೊಟ್ಟ ಪೆಟ್ಟೂ ಇಲ್ಲಿ ನೆನಪಾಗಬೇಕು. ಗಿರಣಿ ಮುಚ್ಚಿ ಯಂತ್ರ ಮಾರುವವರು ಷೆಡ್ಡಿನಲ್ಲಿದ್ದ ಹಳೆ ಕಾರಿಗೆ ಪ್ರತ್ಯೇಕ ಮಮತೆ ತೋರಿಸಲು ಕಾರಣವಿರಲಿಲ್ಲ.

ಕಾರಿನ ಕನಸು ಮಾತ್ರ ಬೇರೆ ಕಡೆಯಿಂದ ಬರುತ್ತಿತ್ತು. 1968ರಲ್ಲಿ ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಪತ್ತೇದಾರನಾದ ರಾಜ್‌ಕುಮಾರ್ ಅವರನ್ನು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ನೋಡಿದ ಪೀಳಿಗೆಗೆ ಕಾರು ಮೊದಲ ಸಲ ಬರೀ ಸವಾರಿಯಾಗಿರದೆ ಸಾಹಸವಾಗಿ ಕಂಡಿತು. ಇಂದು ವಿಂಟೇಜ್ ರ್‍ಯಾಲಿಗಳಲ್ಲಿ ಸೆಲ್ಫಿಗೆ ನಿಲ್ಲುವವರ ಕಣ್ಣಲ್ಲಿರುವುದು ಆ ಪರದೆಯ ಕಾರೇ ಹೊರತು ಬಿ.ಡಿ.ಒ. ಜೀಪಲ್ಲ.

ಸಂಗ್ರಹಾಲಯಗಳ ಆಯ್ಕೆಯಲ್ಲೂ ಇದೇ ಒಲವು ಕಾಣುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳು, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಎರಡೂ ರಾಜ್ಯಕ್ಕೆ ಹೆಮ್ಮೆ ತರುವ ಕೆಲಸ. ಹಳೆ ಗಾಡಿಗಳನ್ನು ಇಷ್ಟು ಶ್ರದ್ಧೆಯಿಂದ ಇಟ್ಟುಕೊಂಡವರು ದೇಶದಲ್ಲೇ ಕಡಿಮೆ. ಆದರೆ ಯಾವ ಸಂಗ್ರಹಾಲಯವಾದರೂ ಹೊಳಪನ್ನು ಬಯಸುವುದು ಸಹಜ. ಡೀಸೆಲ್ ಎಂಜಿನ್ ಕೂರಿಸಿಕೊಂಡು, ಹಿಂದೆ ಮರದ ಸೀಟು ಹಾಕಿಸಿಕೊಂಡು, ಇಪ್ಪತ್ತು ವರ್ಷ ಸಂತೆಗೆ ಜನ ಸಾಗಿಸಿದ 1967ರ ಜೀಪು ಅಲ್ಲಿಗೆ ಹೋದರೆ ಮೊದಲು ಆಗುವ ಕೆಲಸ ಆ ಇಪ್ಪತ್ತು ವರ್ಷವನ್ನು ಒರೆಸಿ ಹಾಕುವುದು.

ಮೂಲ ರೂಪದ ಪಕ್ಷ ಹಿಡಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ಷರತ್ತಿಲ್ಲದಿದ್ದರೆ ಯಾರು ಬೇಕಾದರೂ ಹಳೆ ಆರ್.ಸಿ.ಯ ಕೆಳಗೆ ಹೊಸ ಗಾಡಿ ಕಟ್ಟಿ ವಿಂಟೇಜ್ ಎನ್ನಬಹುದು. ಕದ್ದ ಗಾಡಿಗೆ ಹಳೆ ಚಾಸಿ ನಂಬರ್ ಹೊಡೆಯುವ ದಂಧೆ ನಮ್ಮಲ್ಲಿ ಹೊಸದೇನಲ್ಲ. ಎಂಜಿನ್ನಿಗೂ ಚಾಸಿಗೂ ದಾಖಲೆಯ ನಂಟು ಇರಲೇಬೇಕು. ನನ್ನ ತಕರಾರು ಇರುವುದು ಬದಲಾವಣೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರ ಬಗ್ಗೆ. 1978ರಲ್ಲಿ ಆರ್.ಟಿ.ಒ. ಕಚೇರಿಯಲ್ಲೇ ಬರೆಸಿ, ಮೊಹರು ಹಾಕಿಸಿ ಬದಲಾಯಿಸಿದ ಎಂಜಿನ್ ಈಗ ತಾನೇ ಅರ್ಧ ಶತಮಾನದ ಹತ್ತಿರ ಬಂದಿದೆ. ಅದು ಆ ಗಾಡಿಯ ಇತಿಹಾಸ, ಕೆಡಿಸಿದ್ದಲ್ಲ. ಹೀಗೆ ದಾಖಲೆಯಿರುವ, ಆ ಕಾಲದಲ್ಲೇ ಆದ ಬದಲಾವಣೆಗೆ ನಿಯಮದಲ್ಲಿ ಒಂದು ಉಪವರ್ಗ ಸೇರಿಸಿದರೆ ಯಾರಿಗೂ ನಷ್ಟವಿಲ್ಲ.

ಅದಕ್ಕಿಂತ ತುರ್ತಾದ ತೊಡಕು ಕಾಗದದ್ದು. ಮೈಸೂರು ರಾಜ್ಯದ ಕಾಲದ ಗಾಡಿಗಳಿಗೆ ‘ಎಂ.ವೈ.’ಯಿಂದ ಶುರುವಾಗುವ ನಂಬರು. 1973ರಲ್ಲಿ ರಾಜ್ಯದ ಹೆಸರು ಬದಲಾದ ನಂತರ ಕಾಲಕ್ರಮದಲ್ಲಿ ‘ಸಿ.ಎ.’ ಸರಣಿ ಬಂತು. 1988ರ ಮೋಟಾರು ವಾಹನ ಕಾಯ್ದೆ ಮರುವರ್ಷ ಜಾರಿಯಾದ ಮೇಲೆ ‘ಕೆಎ’, ಚಿತ್ರದುರ್ಗಕ್ಕೆ 16. ಕೈಬರಹದ ಹಳೆ ರಿಜಿಸ್ಟರಿನಲ್ಲಿದ್ದ ವಿವರ ‘ವಾಹನ್’ ಜಾಲತಾಣಕ್ಕೆ ಏರದಿದ್ದರೆ ಆ ಕಾರಿನ ಎಫ್.ಸಿ.ಯೂ ಇಲ್ಲ, ವಿಮೆಯೂ ಇಲ್ಲ, ವಿಂಟೇಜ್ ಅರ್ಜಿಯೂ ಇಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿದ್ದೂ ಬಡಪಾಯಿ ಮಾಲೀಕನನ್ನು ಗುಜರಿ ಕಡೆಗೇ ತಳ್ಳುತ್ತದೆ. ಗಾಡಿ ಉಳಿಸುವ ಮನಸ್ಸಿರುವವರು ಮೊದಲು ಮಾಡಬೇಕಾದದ್ದು ಬಣ್ಣ ಹೊಡೆಸುವುದಲ್ಲ. ಅಪ್ಪನ ಹೆಸರಿನಲ್ಲಿರುವ ಆರ್.ಸಿ. ಪುಸ್ತಕ ಹುಡುಕಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆದು, ವಾರಸಾ ವರ್ಗಾವಣೆ ಮುಗಿಸಿ, ಹಳೆ ದಾಖಲೆಯನ್ನು ಗಣಕಕ್ಕೆ ಏರಿಸಿಕೊಡಿ ಎಂದು ಚಿತ್ರದುರ್ಗದ ಕಚೇರಿಗೆ ಅರ್ಜಿ ಕೊಡಬೇಕು. ಐವತ್ತು ವರ್ಷದ ಗೆರೆ ವರ್ಷವರ್ಷ ಮುಂದೆ ಸರಿಯುತ್ತಿದೆ. 1975ರಲ್ಲಿ ಬಂದ ಅಂಬಾಸಿಡರ್ ಮಾರ್ಕ್-3ರ ಮೊದಲ ಗಾಡಿಗಳು ಈಗಾಗಲೇ ಅದರೊಳಗೆ ಬಂದಿವೆ. ಅವುಗಳ ಹಿಂದೆ ಬರುವ ಗಾಡಿಗಳಲ್ಲಿ ಎಂಜಿನ್ ಬದಲಾಗದೆ ಉಳಿದದ್ದು ಹಳ್ಳಿಗಾಡಿನಲ್ಲಿ ಇನ್ನೂ ಅಪರೂಪ.